ಸ್ಪ್ರಿಂಗ್ ಹಿಗ್ಗಿದಾಗ ಅರ್ಧ ಶಕ್ತಿ ಎಲ್ಲಿ ಹೋಗುತ್ತದೆ?

ಹಾಸನದ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಪ್ರಥಮ ಪಿಯುಸಿ, ವಿಜ್ಞಾನ ವಿಭಾಗ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಈಗ ಪಾಠ ಎಲ್ಲಾ ಇಂಗ್ಲಿಷಿನಲ್ಲಿ. ಸೂತ್ರ ಹಾಕಿ ಉತ್ತರ ತೆಗೆಯಲು ಬರುತ್ತದೆ, ಆದರೆ ಸ್ಪ್ರಿಂಗ್ ವಿಷಯದಲ್ಲಿ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಎರಡು ದಿನದಿಂದ ತಲೆಯಲ್ಲಿ ಅದೇ ಓಡುತ್ತಿದೆ.

ಲ್ಯಾಬಿನಲ್ಲಿ ಒಂದು ಸ್ಪ್ರಿಂಗಿಗೆ 250 ಗ್ರಾಂ ನೇತುಹಾಕಿದೆವು. ಸ್ಪ್ರಿಂಗಿನ ಕೆ ಬೆಲೆ, ಅಂದರೆ ಅದು ಎಷ್ಟು ಗಟ್ಟಿ ಅನ್ನುವ ಅಳತೆ, ಮೀಟರಿಗೆ 25 ನ್ಯೂಟನ್. ತೂಕದ ಬಲ 0.25 × 9.8, ಅಂದರೆ 2.45 ನ್ಯೂಟನ್. ಅದನ್ನು 25ರಿಂದ ಭಾಗಿಸಿದರೆ 0.098 ಮೀಟರ್. ಸ್ಕೇಲಿನಲ್ಲೂ ಹೆಚ್ಚುಕಡಿಮೆ 9.8 ಸೆಂಟಿಮೀಟರೇ ಬಂತು. ಇಲ್ಲಿವರೆಗೆ ಸರಿ.

ಮನೆಗೆ ಬಂದು ಶಕ್ತಿಯ ಲೆಕ್ಕ ಹಾಕಿದೆ. ತೂಕ 9.8 ಸೆಂಟಿಮೀಟರ್ ಕೆಳಗಿಳಿಯಿತು. ಅದು ಕಳೆದುಕೊಂಡದ್ದು 2.45 × 0.098 = 0.24 ಜೂಲ್. ಸ್ಪ್ರಿಂಗಿನಲ್ಲಿ ಸೇರಿದ್ದು ಅರ್ಧ × ಕೆ × ಎಕ್ಸ್ ವರ್ಗ. ಎಕ್ಸ್ ಅಂದರೆ ಹಿಗ್ಗಿದ ಉದ್ದ. ಅದು ಬರುವುದು 0.12 ಜೂಲ್. ಸರಿಯಾಗಿ ಅರ್ಧ ಕಾಣೆ! ಮೂರು ಸಲ ಹಾಕಿ ನೋಡಿದೆ. ತಪ್ಪಿಲ್ಲ. ಗೆಳೆಯರು "ಶಾಖವಾಗಿ ಹೋಗಿರುತ್ತೆ ಬಿಡು" ಅಂದರು. ಸ್ಪ್ರಿಂಗ್ ಮುಟ್ಟಿದರೆ ಬಿಸಿ ಏನೂ ಇಲ್ಲ. ಯಾರಾದರೂ ಬಿಡಿಸಿ ಹೇಳುತ್ತೀರಾ?

ಗದಗಿನ ಪಿಯು ಹುಡುಗಿ

ನನಗೂ ಇದೇ ಡೌಟ್ ಇತ್ತು. ಶಾಖ ಅಂತಲೇ ನಾನೂ ನಂಬಿದ್ದೆ. ಆದರೆ ಶಾಖವಾಗಿದ್ದರೆ ಒಂದು ಸ್ಪ್ರಿಂಗಿನಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ ಹೋಗಬೇಕಿತ್ತು ಅಲ್ವಾ? ಯಾವ ಕೆ ತಗೊಂಡರೂ, ಯಾವ ತೂಕ ತಗೊಂಡರೂ ಅರ್ಧವೇ ಯಾಕೆ?

ನಿವೃತ್ತ ಮೇಷ್ಟ್ರು, ಮೈಸೂರು

ಮಗಳೇ, ನೀನು ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ಎಲ್ಲಾ ಸ್ಪ್ರಿಂಗಿನಲ್ಲೂ ಸರಿಯಾಗಿ ಅರ್ಧವೇ ಹೋಗುತ್ತದೆ ಅಂದರೆ ಅದಕ್ಕೊಂದು ಗಟ್ಟಿ ಕಾರಣ ಇರಲೇಬೇಕು.

ಹಾಸನದ ಮರಿ, ಮೊದಲು ನನಗೊಂದು ಹೇಳು. ತೂಕ ನೇತುಹಾಕುವಾಗ ಹೇಗೆ ಹಾಕಿದೆ? ಕೊಕ್ಕೆಗೆ ಸಿಕ್ಕಿಸಿ ಪಟ್ಟನೆ ಬಿಟ್ಟೆಯೋ, ಇಲ್ಲ ಕೈಯಲ್ಲಿ ಹಿಡಿದು ಮೆಲ್ಲಗೆ ಇಳಿಸಿದೆಯೋ?

ಹಾಸನದ ಹುಡುಗ

ಮೆಲ್ಲಗೆ ಇಳಿಸಿದೆ ಸರ್. ಪಟ್ಟನೆ ಬಿಟ್ಟರೆ ಮೇಲೆ ಕೆಳಗೆ ಕುಣಿಯುತ್ತದೆ, ಓದೋಕೆ ಆಗುವುದಿಲ್ಲ. ಅಟೆಂಡರ್ ಅಣ್ಣನೂ ಹಾಗೆ ಬಿಡಬೇಡ ಅಂದಿದ್ದರು.

ನಿವೃತ್ತ ಮೇಷ್ಟ್ರು, ಮೈಸೂರು

ಉತ್ತರ ನೀನೇ ಹೇಳಿಬಿಟ್ಟೆ. ನಿನ್ನ ಲೆಕ್ಕದಲ್ಲಿ ಭೂಮಿ ಇದೆ, ಸ್ಪ್ರಿಂಗ್ ಇದೆ. ನಿನ್ನ ಕೈ ಇಲ್ಲ.

ಮೊದಲ ಕ್ಷಣ ನೆನಪಿಸಿಕೋ. ಸ್ಪ್ರಿಂಗ್ ಇನ್ನೂ ಹಿಗ್ಗಿಲ್ಲ. ಅದು ಎಳೆಯುವ ಬಲ ಸೊನ್ನೆ. 2.45 ನ್ಯೂಟನ್ ಪೂರ್ತಿ ನಿನ್ನ ಕೈ ಮೇಲೆ. ಕೈ ಸ್ವಲ್ಪ ಕೆಳಗೆ ತಂದೆ. ಸ್ಪ್ರಿಂಗ್ ಸ್ವಲ್ಪ ಭಾರ ಹೊತ್ತುಕೊಂಡಿತು, ಕೈಗೆ ಅಷ್ಟು ಕಡಿಮೆಯಾಯಿತು. ಅರ್ಧ ದಾರಿಯಲ್ಲಿ ಇಬ್ಬರದೂ ಸಮಪಾಲು. ಕೊನೆಗೆ 9.8 ಸೆಂಟಿಮೀಟರಿನಲ್ಲಿ ಪೂರ್ತಿ ಭಾರ ಸ್ಪ್ರಿಂಗಿನದು. ಕೈ ತೆಗೆದರೂ ಏನೂ ಆಗದು.

ಈ ದಾರಿಯುದ್ದಕ್ಕೂ ಕೈ ಮೇಲಕ್ಕೆ ತಳ್ಳುತ್ತಿತ್ತು, ಆದರೆ ತೂಕ ಹೋದದ್ದು ಕೆಳಕ್ಕೆ. ಹಾಗಾಗಿ ಕೈ ಮಾಡಿದ್ದು ಋಣ ಕೆಲಸ. ಅಂದರೆ ತೂಕದಿಂದ ಕೈ ಶಕ್ತಿ ತೆಗೆದುಕೊಂಡಿತು. ಎಷ್ಟು? ಕೈಯ ಬಲ 2.45ರಿಂದ ಶುರುವಾಗಿ ಸಮನಾಗಿ ಇಳಿಯುತ್ತಾ ಸೊನ್ನೆಗೆ ಬಂತು. ಸರಾಸರಿ 1.225. ಅದನ್ನು 0.098ರಿಂದ ಗುಣಿಸು. 0.12 ಜೂಲ್. ಕಾಣೆಯಾದ ಅರ್ಧ ಇದೇ. ನಮ್ಮ ಸ್ನಾಯು ಅದನ್ನು ಕೂಡಿಟ್ಟುಕೊಂಡು ವಾಪಸ್ ಕೊಡುವುದಿಲ್ಲ. ಅದಕ್ಕೇ ಅದು ಲೆಕ್ಕಕ್ಕೇ ಬರಲಿಲ್ಲ ಅನ್ನಿಸುತ್ತದೆ.

ಈಗ ಕೈ ಇಲ್ಲದೆ ನೋಡೋಣ. ಸ್ಪ್ರಿಂಗ್ ಹಿಗ್ಗದ ಜಾಗದಿಂದಲೇ ತೂಕವನ್ನು ಪಟ್ಟನೆ ಬಿಡು. 9.8 ಸೆಂಟಿಮೀಟರ್ ತಲುಪಿದಾಗ ಅದು ನಿಲ್ಲುವುದಿಲ್ಲ. ಆ ಅರ್ಧ ಶಕ್ತಿ ಈಗ ಅದರ ವೇಗದಲ್ಲಿದೆ. 0.12 ಜೂಲ್ ಅಂದರೆ 250 ಗ್ರಾಂಗೆ ಸೆಕೆಂಡಿಗೆ 0.98 ಮೀಟರ್ ವೇಗ. ಅದೇ ಓಟದಲ್ಲಿ ಇನ್ನೂ ಕೆಳಗೆ ಹೋಗಿ 19.6 ಸೆಂಟಿಮೀಟರಿನಲ್ಲಿ ಒಂದು ಕ್ಷಣ ನಿಲ್ಲುತ್ತದೆ. ಅಲ್ಲಿ ಲೆಕ್ಕ ಹಾಕು. ತೂಕ ಕಳೆದುಕೊಂಡದ್ದು 2.45 × 0.196 = 0.48. ಸ್ಪ್ರಿಂಗಿನಲ್ಲಿ ಸೇರಿದ್ದು ಅರ್ಧ × 25 × 0.196ರ ವರ್ಗ, ಅದೂ 0.48. ಒಂದು ಚೂರೂ ಕಾಣೆಯಾಗಿಲ್ಲ.

ಆಮೇಲೆ ಅದು ಕುಣಿದು ಕುಣಿದು ಗಾಳಿಗೆ, ಕೊಕ್ಕೆಯ ಉಜ್ಜಾಟಕ್ಕೆ, ಲೋಹದ ಒಳಗಿನ ತಿಕ್ಕಾಟಕ್ಕೆ ಶಕ್ತಿ ಕೊಟ್ಟು ಕೊನೆಗೆ 9.8ರಲ್ಲಿ ನಿಲ್ಲುತ್ತದೆ. ಆಗ ನಿನ್ನ ಗೆಳೆಯರು ಹೇಳಿದ ಶಾಖದ ಮಾತು ನಿಜ. ಮೆಲ್ಲಗೆ ಇಳಿಸಿದಾಗ ಮಾತ್ರ ಆ ಅರ್ಧ ಸ್ಪ್ರಿಂಗಿನಲ್ಲಿ ಶಾಖವಾಗುವುದಿಲ್ಲ, ಕೈಗೆ ಹೋಗುತ್ತದೆ.

ಹಾಸನದ ಹುಡುಗ

ಸರ್, ಈಗ ಹೊಳೆಯಿತು! ಕೈಯನ್ನು ನಾನು ಲೆಕ್ಕಕ್ಕೇ ತಗೊಂಡಿರಲಿಲ್ಲ. ಆದರೆ ಸೂತ್ರದೊಳಗಿನ ಆ "ಅರ್ಧ" ಇನ್ನೂ ಪೂರ್ತಿ ಒಳಗೆ ಇಳಿದಿಲ್ಲ. ಇಂಟಿಗ್ರೇಷನ್ ಮಾಡಿದರೆ ಬರುತ್ತದೆ ಅಂತ ಗೊತ್ತು. ಅದಿಲ್ಲದೆ ಹೇಳಲು ಆಗುತ್ತಾ?

ನಿವೃತ್ತ ಮೇಷ್ಟ್ರು, ಮೈಸೂರು

ಆಗುತ್ತದೆ. ಹಳ್ಳಿ ಬಾವಿ ನೋಡಿದ್ದೀಯಾ? ದಪ್ಪ ಹಗ್ಗವೊಂದು ಬಾವಿಯೊಳಗೆ ಪೂರ್ತಿ ಇಳಿಬಿದ್ದಿದೆ ಅಂದುಕೋ. ಕೊಡ ಇಲ್ಲ, ಬರೀ ಹಗ್ಗ. ಎಳೆಯಲು ಶುರು ಮಾಡಿದಾಗ ಇಡೀ ಹಗ್ಗದ ಭಾರ ಕೈಗೆ. ಅರ್ಧ ಎಳೆದಾಗ ಅರ್ಧ ಭಾರ. ತುದಿ ಮೇಲೆ ಬರುವ ಹೊತ್ತಿಗೆ ಏನೂ ಇಲ್ಲ. ಒಟ್ಟು ಕೆಲಸ ಎಷ್ಟು? ಪೂರ್ತಿ ಭಾರ × ಪೂರ್ತಿ ಉದ್ದ ಅಂದರೆ ತಪ್ಪು. ಕೊನೆಯ ಮೊಳಕ್ಕೆ ನೀನು ಆ ಭಾರ ಎಳೆದೇ ಇಲ್ಲವಲ್ಲ. ಸರಾಸರಿ ಭಾರ × ಉದ್ದ ಅನ್ನಬೇಕು. ಅಂದರೆ ಅರ್ಧ.

ಸ್ಪ್ರಿಂಗ್ ಅದೇ ಹಗ್ಗದ ಉಲ್ಟಾ. ಮೊದಲು ಹಗುರ, ಕೊನೆಗೆ ಭಾರ. ಹಿಗ್ಗಿದಷ್ಟೂ ಬಲ ಸಮನಾಗಿ ಏರುತ್ತದೆ. ಶುರುವಿನಲ್ಲಿ ಸೊನ್ನೆ, ಕೊನೆಯಲ್ಲಿ ಕೆ × ಎಕ್ಸ್. ಸರಾಸರಿ ಅದರ ಅರ್ಧ. ಇನ್ನೊಂದು ಎಕ್ಸ್‌ನಿಂದ ಗುಣಿಸಿದರೆ ನಿನ್ನ ಸೂತ್ರ. ಗ್ರಾಫಿನಲ್ಲಿ ನೋಡಿದರೆ ಓರೆ ಗೆರೆಯ ಕೆಳಗಿನ ತ್ರಿಕೋನ. ತ್ರಿಕೋನದ ವಿಸ್ತೀರ್ಣ ಏಳನೇ ತರಗತಿಯದು.

ಇದರಿಂದ ಇನ್ನೊಂದು ಗೊತ್ತಾಗುತ್ತದೆ. ಎರಡರಷ್ಟು ಹಿಗ್ಗಿಸಿದರೆ ಬಲ ಎರಡರಷ್ಟು, ಆದರೆ ಶಕ್ತಿ ನಾಲ್ಕರಷ್ಟು. ಮೊದಲ ಸೆಂಟಿಮೀಟರ್ ಅಗ್ಗ, ಹತ್ತನೇ ಸೆಂಟಿಮೀಟರ್ ದುಬಾರಿ.

ಗದಗಿನ ಪಿಯು ಹುಡುಗಿ

ಸರ್, ಹಗ್ಗದ ಉದಾಹರಣೆ ತುಂಬಾ ಇಷ್ಟವಾಯಿತು. ನಮ್ಮೂರಲ್ಲಿ ಸೇದುವ ಬಾವಿ ಇನ್ನೂ ಇದೆ.

ಇನ್ನೊಂದು ಕೇಳಲಾ? ಸ್ಪ್ರಿಂಗ್ ತಕ್ಕಡಿಯ ಎರಡೂ ತುದಿಯನ್ನು ಎರಡು ಕಡೆಯಿಂದ 10 ನ್ಯೂಟನ್, 10 ನ್ಯೂಟನ್ ಎಳೆದರೆ ಮುಳ್ಳು ಎಷ್ಟು ತೋರಿಸುತ್ತದೆ? ಕ್ಲಾಸಿನಲ್ಲಿ ಮುಕ್ಕಾಲು ಜನ 20 ಅಂದರು. ಇಬ್ಬರು ಸೊನ್ನೆ ಅಂದರು. ಉತ್ತರ 10 ಅಂತೆ. ಯಾಕೆ ಅಂತ ಯಾರೂ ಹೇಳಲಿಲ್ಲ.

ಪೀಣ್ಯದ ಇಂಜಿನಿಯರ್

ಇದಕ್ಕೆ ನಾನು ಹೇಳುತ್ತೇನೆ. ಪೀಣ್ಯದಲ್ಲಿ ಸ್ಪ್ರಿಂಗ್ ಮಾಡುವ ಸಣ್ಣ ಘಟಕವೊಂದರಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ.

ಹಳೇ ಪೇಪರ್ ತೂಕ ಹಾಕುವವರ ಸ್ಪ್ರಿಂಗ್ ತಕ್ಕಡಿ ನೋಡಿರುತ್ತೀಯಮ್ಮ. ಕೆಳಗೆ 1 ಕೆಜಿ ಪೇಪರ್ ಸುಮಾರು 10 ನ್ಯೂಟನ್ ಎಳೆಯುತ್ತದೆ. ಮೇಲೆ ಅವರ ಕೈ ಎಷ್ಟು ಎಳೆಯುತ್ತಿದೆ? ಅದೂ 10. ಇಲ್ಲದಿದ್ದರೆ ತಕ್ಕಡಿ ಕೆಳಗೆ ಬೀಳುತ್ತಿತ್ತು. ಮುಳ್ಳು 2 ಕೆಜಿ ತೋರಿಸುತ್ತದಾ? ಇಲ್ಲ, 1 ಕೆಜಿ. ಸ್ಪ್ರಿಂಗನ್ನು ಒಂದೇ ಕಡೆಯಿಂದ ಹಿಗ್ಗಿಸಲು ಆಗುವುದೇ ಇಲ್ಲ. ಯಾವಾಗಲೂ ಎರಡು ತುದಿ, ಎರಡು ಎಳೆತ. ಗೋಡೆಗೆ ಕಟ್ಟಿದರೆ ಇನ್ನೊಂದು ಎಳೆತ ಗೋಡೆಯದು. ಅದು ಕಣ್ಣಿಗೆ ಕಾಣುವುದಿಲ್ಲ ಅಷ್ಟೇ.

ಇದು ಹಿಡಿದರೆ ಸ್ಪ್ರಿಂಗ್ ಕತ್ತರಿಸುವ ಪ್ರಶ್ನೆಯೂ ಸುಲಭ. ಆ 10 ನ್ಯೂಟನ್ ಪ್ರತಿ ಸುತ್ತಿನಲ್ಲೂ ಅಷ್ಟೇ ಇರುತ್ತದೆ. ಒಂದೊಂದು ಸುತ್ತೂ ತನ್ನ ಪಾಲಿನಷ್ಟು ತೆರೆದುಕೊಳ್ಳುತ್ತದೆ. 20 ಸುತ್ತಿದ್ದದ್ದನ್ನು 10 ಸುತ್ತು ಮಾಡಿದರೆ ಅದೇ ಬಲಕ್ಕೆ ಅರ್ಧ ಮಾತ್ರ ಹಿಗ್ಗುತ್ತದೆ. ಹಾಗಾಗಿ ಕೆ ಎರಡರಷ್ಟು. ಕತ್ತರಿಸಿದರೆ ಸ್ಪ್ರಿಂಗ್ ಮೆತ್ತಗಾಗುವುದಿಲ್ಲ, ಗಟ್ಟಿಯಾಗುತ್ತದೆ.

ಇನ್ನೊಂದು ಮಾತು ಹೇಳಲೇಬೇಕು, ನನಗೆ ಇದು ತುಂಬಾ ಪ್ರೀತಿಯ ವಿಷಯ. ಸುರುಳಿ ಸ್ಪ್ರಿಂಗ್ ಹಿಗ್ಗಿದಾಗ ಒಳಗಿನ ತಂತಿ ಹಿಗ್ಗುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಮುಖ್ಯವಾಗಿ ಆಗುವುದು ಅದಲ್ಲ. ತಂತಿ ತಿರುಚಿಕೊಳ್ಳುತ್ತದೆ, ಒದ್ದೆ ಬಟ್ಟೆ ಹಿಂಡಿದ ಹಾಗೆ. ಒಂದು ಪೆನ್ನಿನ ಸ್ಪ್ರಿಂಗ್ ಎಳೆದು ಒಂದೇ ಸುತ್ತಿನ ಮೇಲೆ ಕಣ್ಣಿಟ್ಟು ಯೋಚಿಸಿ. ಸುತ್ತಿನ ನಡುವಿನ ಗೆರೆಯಲ್ಲಿ ಬಲ ಎಳೆಯುತ್ತಿದೆ, ತಂತಿ ಇರುವುದು ಆ ಗೆರೆಯಿಂದ ದೂರದಲ್ಲಿ. ಸ್ಪ್ಯಾನರ್ ಹಾಕಿದಂತೆ ತಿರುಚುವುದೇ ಆಗುತ್ತದೆ. ಅದಕ್ಕೇ ತಂತಿಯ ದಪ್ಪಕ್ಕೆ ಅಷ್ಟು ಬೆಲೆ. ದಪ್ಪದ ನಾಲ್ಕನೇ ಘಾತದಷ್ಟು ಕೆ ಏರುತ್ತದೆ. ತಂತಿ ಶೇಕಡಾ 10 ದಪ್ಪವಾದರೆ ಸ್ಪ್ರಿಂಗ್ ಶೇಕಡಾ 46 ಗಟ್ಟಿ. ಸುತ್ತಿನ ಅಗಲ ಎರಡರಷ್ಟಾದರೆ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ತಂತಿಯ ಅಳತೆ ಕೂದಲೆಳೆಯಷ್ಟು ಹೆಚ್ಚುಕಡಿಮೆ ಬಂದರೂ ಇಡೀ ಲಾಟು ಟೆಸ್ಟಿನಲ್ಲಿ ಹೊರಗೆ ಬೀಳುತ್ತದೆ.

ದಾವಣಗೆರೆ ಗ್ಯಾರೇಜ್

ಸರ್, ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಬೈಕ್ ಶಾಕ್ ಅಬ್ಸಾರ್ಬರ್ ರಿಪೇರಿ ಮಾಡುತ್ತೇನೆ. ಸ್ಪ್ರಿಂಗ್ ಕತ್ತರಿಸಿದರೆ ಗಟ್ಟಿ ಅನ್ನುವುದು ನೂರಕ್ಕೆ ನೂರು ನಿಜ. ಹುಡುಗರು ಬೈಕ್ ಕೆಳಗೆ ಮಾಡಿ ಅಂತ ಬರುತ್ತಾರೆ, ಎರಡು ಸುತ್ತು ಕಟ್ ಮಾಡಿ ಅನ್ನುತ್ತಾರೆ. ನಾನು ಮಾಡಿಕೊಡುವುದಿಲ್ಲ. ಆಮೇಲೆ ಪ್ರತಿ ಹಂಪ್‌ನಲ್ಲೂ ಬೆನ್ನಿಗೆ ಏಟು, ಸ್ಪ್ರಿಂಗ್ ಸರಿಯಾಗಿ ಕೂರುವುದೂ ಇಲ್ಲ.

ಒಂದು ಕೇಳುತ್ತೇನೆ. ಹಿಂದಿನ ಶಾಕಿನಲ್ಲಿ ರಿಂಗ್ ತಿರುಗಿಸಿ ಟೈಟ್ ಮಾಡುತ್ತೇವಲ್ಲ, ಹಿಂದೆ ಇಬ್ಬರು ಕೂರುವವರಿಗೆ. ಆಗಲೂ ಸ್ಪ್ರಿಂಗ್ ಗಟ್ಟಿಯಾಗುತ್ತೆ ಅಲ್ವಾ? ಅಲ್ಲಿ ಏನೂ ಕತ್ತರಿಸುವುದಿಲ್ಲ.

ಪೀಣ್ಯದ ಇಂಜಿನಿಯರ್

ಅಣ್ಣಾ, ಅಲ್ಲಿ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಸುತ್ತು ಅಷ್ಟೇ, ತಂತಿ ಅಷ್ಟೇ, ಹಾಗಾಗಿ ಕೆ ಅಷ್ಟೇ. ರಿಂಗ್ ತಿರುಗಿಸಿದಾಗ ಸ್ಪ್ರಿಂಗನ್ನು ಮೊದಲೇ ಸ್ವಲ್ಪ ಅದುಮಿ ಇಟ್ಟಂತಾಗುತ್ತದೆ. ಇಬ್ಬರು ಕೂತಾಗ ಸೀಟು ಮೊದಲಿನಷ್ಟು ಕೆಳಗೆ ಕೂರುವುದಿಲ್ಲ. ತಳಕ್ಕೆ ಬಡಿಯುವ ಮೊದಲು ಇನ್ನೂ ಜಾಗ ಉಳಿದಿರುತ್ತದೆ. ಆದರೆ ಅಲ್ಲಿಂದ ಮುಂದೆ ಒಂದು ಸೆಂಟಿಮೀಟರ್ ಅದುಮಲು ಬೇಕಾದ ಹೆಚ್ಚಿನ ಬಲ ಮೊದಲಿನಷ್ಟೇ.

ದಾವಣಗೆರೆ ಗ್ಯಾರೇಜ್

ಒಪ್ಪಲು ಕಷ್ಟ ಸರ್. ಟೈಟ್ ಮಾಡಿದ ಮೇಲೆ ಒಬ್ಬರೇ ಓಡಿಸಿದರೆ ಗಾಡಿ ಎತ್ತಿ ಎತ್ತಿ ಹಾಕುತ್ತದೆ. ಕಸ್ಟಮರ್ ಎಲ್ಲರೂ ಇದೇ ಹೇಳುತ್ತಾರೆ. ಮತ್ತೆ ಕೆಲವು ಸ್ಪ್ರಿಂಗಿನಲ್ಲಿ ಒಂದು ತುದಿಯಲ್ಲಿ ಸುತ್ತು ಹತ್ತಿರ ಹತ್ತಿರ, ಇನ್ನೊಂದು ತುದಿಯಲ್ಲಿ ದೂರ ದೂರ ಇರುತ್ತದೆ. ಅದನ್ನು ಅದುಮಿದರೆ ಗಟ್ಟಿಯಾಗುವುದು ಕೈಗೇ ಗೊತ್ತಾಗುತ್ತದೆ.

ಪೀಣ್ಯದ ಇಂಜಿನಿಯರ್

ಎರಡನೇ ಮಾತು ಪೂರ್ತಿ ನಿಮ್ಮದೇ ಸರಿ ಅಣ್ಣಾ. ಆ ತರಹದ ಸ್ಪ್ರಿಂಗಿನಲ್ಲಿ ಹತ್ತಿರದ ಸುತ್ತುಗಳು ಮೊದಲು ಒಂದಕ್ಕೊಂದು ತಾಗಿ ಕೆಲಸದಿಂದ ಹೊರಗೆ ಹೋಗುತ್ತವೆ. ಉಳಿದದ್ದು ಕಡಿಮೆ ಸುತ್ತು. ಕತ್ತರಿಸಿದ ಹಾಗೇ ಆಯಿತು. ಅಲ್ಲಿ ಕೆ ನಿಜವಾಗಿ ಏರುತ್ತದೆ. ನಾನು ಹೇಳಿದ್ದು ಸುತ್ತುಗಳು ಸಮ ದೂರದಲ್ಲಿರುವ ಸ್ಪ್ರಿಂಗಿಗೆ ಮಾತ್ರ. ಇದನ್ನು ಮೊದಲೇ ಹೇಳಬೇಕಿತ್ತು.

ಒಬ್ಬರೇ ಓಡಿಸುವಾಗ ಎತ್ತಿ ಹಾಕುವುದೂ ನಿಜ. ಮೊದಲೇ ಅದುಮಿ ಇಟ್ಟಿರುವುದರಿಂದ ಒಂದು ಮಟ್ಟದ ಬಲ ಬರುವವರೆಗೆ ಅದು ಕದಲುವುದೇ ಇಲ್ಲ. ಸಣ್ಣ ಗುಂಡಿಯ ಏಟು ನೇರ ಸೀಟಿಗೆ ಬರುತ್ತದೆ. ಕದಲಲು ಶುರುವಾದ ಮೇಲೆ ಮಾತ್ರ ಕೆ ಹಳೆಯದೇ.

ಇಬ್ಬರು ಮಕ್ಕಳ ತಾಯಿ

ನಾನು ಸುಮ್ನೆ ಓದುತ್ತಾ ಇದ್ದೆ. ಮೇಷ್ಟ್ರು ಹೇಳಿದ "ಪಟ್ಟನೆ ಬಿಟ್ಟರೆ ಎರಡರಷ್ಟು" ಅನ್ನುವುದು ಓದಿ ಒಂದು ಕ್ಷಣ ಗಾಬರಿಯಾಯಿತು. ಮಗುವಿನ ಜೋಲಿಗೆ ಸ್ಪ್ರಿಂಗ್ ಹಾಕಿದ್ದೇವೆ. ಮನೆಯಲ್ಲಿ ಯಾರೋ ಮೆಲ್ಲಗೆ ಮಲಗಿಸುತ್ತಾರೆ, ಯಾರೋ ಅವಸರದಲ್ಲಿ ಬಿಟ್ಟುಬಿಡುತ್ತಾರೆ. ಕೊಕ್ಕೆಗೆ ಬೀಳುವ ಭಾರ ಬೇರೆ ಬೇರೆಯಾ?

ನಿವೃತ್ತ ಮೇಷ್ಟ್ರು, ಮೈಸೂರು

ಬೇರೆ ಬೇರೆ ತಾಯೀ. ಮೆಲ್ಲಗೆ ಮಲಗಿಸಿದರೆ 6 ಕೆಜಿ ಮಗುವಿಗೆ ಕೊಕ್ಕೆ ಮೇಲೆ 6 ಕೆಜಿ ಭಾರ. ಕೈ ಪಟ್ಟನೆ ಬಿಟ್ಟರೆ ಅತಿ ಕೆಳಗಿನ ಬಿಂದುವಿನಲ್ಲಿ ಹತ್ತಿರ ಹತ್ತಿರ 12 ಕೆಜಿಯಷ್ಟು. ಎತ್ತರದಿಂದ ಬಿದ್ದರೆ ಅದಕ್ಕಿಂತ ಜಾಸ್ತಿ. ಹಾಗಾಗಿ ಕೊಕ್ಕೆ, ತೊಲೆ, ಸ್ಪ್ರಿಂಗ್ ಮೂರೂ ಮಗುವಿನ ತೂಕದ ಕೆಲವು ಪಟ್ಟು ತಡೆಯುವಂತಿರಬೇಕು. ಸ್ಪ್ರಿಂಗಿನ ಒಳಗೆ ಸಡಿಲವಾಗಿ ಒಂದು ಗಟ್ಟಿ ಹಗ್ಗ ಹಾಯಿಸಿ ಮೇಲಿನ ಕೊಕ್ಕೆಗೂ ಕೆಳಗಿನ ಕೊಕ್ಕೆಗೂ ಕಟ್ಟಿ. ಅಕಸ್ಮಾತ್ ಸ್ಪ್ರಿಂಗ್ ತುಂಡಾದರೆ ಹಗ್ಗ ಹಿಡಿಯುತ್ತದೆ. ನನ್ನ ಮೊಮ್ಮಗಳ ಜೋಲಿಗೂ ಹಾಗೇ ಕಟ್ಟಿದ್ದೆ.

ಇಬ್ಬರು ಮಕ್ಕಳ ತಾಯಿ

ಈ ಸಂಜೆಯೇ ಹಗ್ಗ ಕಟ್ಟಿಸುತ್ತೇನೆ ಸರ್. ತುಂಬಾ ಉಪಕಾರವಾಯಿತು.

ಹಾಸನದ ಹುಡುಗ

ಸರ್, ನಮ್ಮ ಅಕ್ಕನ ಮಗುವಿಗೂ ಜೋಲಿ ಇದೆ! ಮಗು ಮಲಗಿಲ್ಲದಾಗ ಅಕ್ಕಿ ಚೀಲ ಕಟ್ಟಿ ಅಳೆದೆ. 5 ಕೆಜಿ ಅಕ್ಕಿಗೆ 8 ಸೆಂಟಿಮೀಟರ್ ಹಿಗ್ಗಿತು. ಮೆಲ್ಲಗೆ ಕುಣಿಸಿ 20 ಕುಣಿತಕ್ಕೆ ಮೊಬೈಲಿನಲ್ಲಿ ಸಮಯ ನೋಡಿದೆ, ಸುಮಾರು 14 ಸೆಕೆಂಡ್.

ಒಂದು ಕುಣಿತದ ಕಾಲ 2 ಪೈ × ವರ್ಗಮೂಲದೊಳಗೆ ದ್ರವ್ಯರಾಶಿ (ಕೆಜಿಯಲ್ಲಿ) ಭಾಗ ಕೆ. ಕೆ ಅಂದರೆ ಬಲ ಭಾಗ ಹಿಗ್ಗಿದ್ದು. ಹಾಕಿದರೆ ಒಂದಕ್ಕೆ 0.57 ಸೆಕೆಂಡ್, 20ಕ್ಕೆ 11.4 ಬರಬೇಕಿತ್ತು. 14 ಬಂದಿದೆ. ಐದು ಸಲ ಅಳೆದೆ, ಪ್ರತಿ ಸಲ 14ರ ಆಸುಪಾಸು. ಇಷ್ಟು ದೊಡ್ಡ ವ್ಯತ್ಯಾಸ ಯಾಕೆ?

ಗದಗಿನ ಪಿಯು ಹುಡುಗಿ

ಸ್ಪ್ರಿಂಗಿನ ಸ್ವಂತ ತೂಕ ಇರಬಹುದಾ? ಅದೂ ಜೊತೆಗೆ ಕುಣಿಯುತ್ತದಲ್ಲ.

ನಿವೃತ್ತ ಮೇಷ್ಟ್ರು, ಮೈಸೂರು

ಅದೂ ಇದೆ ಮಗಳೇ. ಸ್ಪ್ರಿಂಗಿನ ತೂಕದ ಮೂರನೇ ಒಂದು ಭಾಗ ಸೇರಿಸಬೇಕು. ಮೇಲಿನ ತುದಿ ಕದಲುವುದಿಲ್ಲ, ಕೆಳಗಿನ ತುದಿ ಪೂರ್ತಿ ಕದಲುತ್ತದೆ, ಅದಕ್ಕೇ ಮೂರನೇ ಒಂದು. ಆದರೆ ಅರ್ಧ ಕೆಜಿ ಚಿಲ್ಲರೆ ಸ್ಪ್ರಿಂಗಿನಿಂದ ಶೇಕಡಾ ಒಂದೆರಡು ವ್ಯತ್ಯಾಸ ಬರಬಹುದು. 11ನ್ನು 14 ಮಾಡುವಷ್ಟಲ್ಲ. ಪೀಣ್ಯದವರೇ, ನಿಮ್ಮ ಅಭಿಪ್ರಾಯ?

ಪೀಣ್ಯದ ಇಂಜಿನಿಯರ್

ತಮ್ಮಾ, ಆ ಸ್ಪ್ರಿಂಗಿಗೆ 1 ಕೆಜಿ ಸಕ್ಕರೆ ಪ್ಯಾಕೆಟ್ ನೇತುಹಾಕಿ ನೋಡು. ಎಷ್ಟು ಹಿಗ್ಗುತ್ತದೆ ಹೇಳು.

ಹಾಸನದ ಹುಡುಗ

ಹಿಗ್ಗಲೇ ಇಲ್ಲ ಸರ್! ಸುತ್ತುಗಳು ಒಂದಕ್ಕೊಂದು ಅಂಟಿಕೊಂಡೇ ಇವೆ. ಕಾಗದ ತೂರಿಸಲೂ ಆಗುತ್ತಿಲ್ಲ.

ಪೀಣ್ಯದ ಇಂಜಿನಿಯರ್

ಅದೇ ವಿಷಯ. ಎಳೆಯುವ ಸ್ಪ್ರಿಂಗನ್ನು ಸುತ್ತುವಾಗ ಬೇಕೆಂದೇ ಸುತ್ತುಗಳು ಒಂದನ್ನೊಂದು ಒತ್ತಿಕೊಂಡಿರುವಂತೆ ಸುತ್ತುತ್ತೇವೆ. ಇದಕ್ಕೆ ನಮ್ಮಲ್ಲಿ ಇನಿಷಿಯಲ್ ಟೆನ್ಷನ್ ಅನ್ನುತ್ತೇವೆ. ಆ ಒತ್ತಡ ಮೀರುವವರೆಗೆ ಸ್ಪ್ರಿಂಗ್ ಬಾಯೇ ಬಿಡುವುದಿಲ್ಲ. ದಾವಣಗೆರೆ ಅಣ್ಣ ಹೇಳಿದ ಟೈಟ್ ಮಾಡಿದ ಶಾಕ್ ಇದ್ದ ಹಾಗೆ. ಅಲ್ಲಿ ಅದುಮಿ ಇಟ್ಟದ್ದು, ಇಲ್ಲಿ ಸುತ್ತುವಾಗಲೇ ಬಿಗಿದು ಇಟ್ಟದ್ದು.

ಹಾಗಾಗಿ ನಿನ್ನ ಗ್ರಾಫ್ ಓರೆ ಗೆರೆಯೇ, ಆದರೆ ಸೊನ್ನೆಯಿಂದ ಶುರುವಾಗುವುದಿಲ್ಲ. ಒಂದೇ ತೂಕ ಇಟ್ಟು ಬಲ ಭಾಗ ಹಿಗ್ಗಿದ್ದು ಅಂತ ಮಾಡಿದರೆ ಕೆ ತಪ್ಪು ಬರುತ್ತದೆ. ಎರಡು ತೂಕ ಇಟ್ಟು ವ್ಯತ್ಯಾಸ ನೋಡಬೇಕು. ಇನ್ನೊಂದು 5 ಕೆಜಿ ಸೇರಿಸು.

ಲ್ಯಾಬಿನಲ್ಲಿ ಮೊದಲು ಒಂದು ಸಣ್ಣ ತೂಕ ಹಾಕಿ, ಅಲ್ಲಿಂದ ಅಳತೆ ಶುರು ಮಾಡಿ ಅನ್ನುತ್ತಾರಲ್ಲ, ಡೆಡ್ ಲೋಡ್ ಅಂತ? ಸುತ್ತುಗಳು ಬಿಡಿಸಿಕೊಳ್ಳಲಿ ಅಂತ ಅದು. ನಾನು ಓದುವಾಗ ಯಾರೂ ಕಾರಣ ಹೇಳಿರಲಿಲ್ಲ, ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಯಿತು.

ವಾಚ್ ರಿಪೇರಿ, ಶಿವಮೊಗ್ಗ

ಹುಡುಗ ಅಕ್ಕಿ ಚೀಲ ತರುವಷ್ಟರಲ್ಲಿ ನನ್ನದೂ ಎರಡು ಮಾತು. ನಾನು ಕೀ ಕೊಡುವ ವಾಚು ರಿಪೇರಿ ಮಾಡುತ್ತೇನೆ. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಎಚ್‌ಎಂಟಿ ವಾಚ್ ಕಾರ್ಖಾನೆ ಶುರುವಾಯಿತಲ್ಲ, ಆ ಕಾಲದಿಂದ ಬಂದ ವಾಚುಗಳು ಈಗಲೂ ನನ್ನ ಮೇಜಿನ ಮೇಲೆ ಓಡುತ್ತಿವೆ. ಅದರೊಳಗೆ ಮುಖ್ಯವಾದ ಸ್ಪ್ರಿಂಗ್ ಎರಡು. ಒಂದು ಮೇನ್ ಸ್ಪ್ರಿಂಗ್, ಶಕ್ತಿ ಕೂಡಿಡುವುದಕ್ಕೆ. ಇನ್ನೊಂದು ಹೇರ್ ಸ್ಪ್ರಿಂಗ್, ಕೂದಲಿನಷ್ಟು ಸಣ್ಣ, ಸಮಯ ಹಿಡಿಯುವುದಕ್ಕೆ. ಹಳೆಯ ಕೀ ವಾಚುಗಳಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 5 ಟಿಕ್.

ಮೇನ್ ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತಾ ಹೋದಂತೆ ಬಲ ಇಳಿಯುತ್ತದೆ. ಅದಕ್ಕೇ ಗಿರಾಕಿಗಳಿಗೆ ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ಕೀ ಕೊಡಿ ಅನ್ನುತ್ತೇನೆ. ಪೂರ್ತಿ ಇಳಿಯಲು ಬಿಟ್ಟರೆ ಸಮಯ ತಪ್ಪುತ್ತದೆ. ಹೇರ್ ಸ್ಪ್ರಿಂಗಿನ ಗುಣ ಬೇರೆ. ಅದಕ್ಕೆ ಜೋಡಿಸಿದ, ಹಿಂದೆ ಮುಂದೆ ಓಲಾಡುವ ಚಕ್ರ ಜಾಸ್ತಿ ತಿರುಗಲಿ, ಕಡಿಮೆ ತಿರುಗಲಿ, ಒಂದು ಓಲಾಟಕ್ಕೆ ಹಿಡಿಯುವ ಸಮಯ ಹೆಚ್ಚುಕಡಿಮೆ ಒಂದೇ. ಎಷ್ಟೋ ವರ್ಷದಿಂದ ನೋಡುತ್ತಿದ್ದೇನೆ. ಈಗಲೂ ಮುಚ್ಚಳ ತೆಗೆದಾಗ ಒಂದು ನಿಮಿಷ ನೋಡದೆ ಇರಲಾಗುವುದಿಲ್ಲ.

ನಿವೃತ್ತ ಮೇಷ್ಟ್ರು, ಮೈಸೂರು

ಎಷ್ಟು ಚೆನ್ನಾಗಿ ಹೇಳಿದಿರಿ. ಹಿಗ್ಗಿದಷ್ಟೂ ಬಲ ಏರುತ್ತದೆ ಅನ್ನುವ ಈ ಸ್ಪ್ರಿಂಗ್ ನಿಯಮ ಬರೆದವನೂ ವಾಚಿನ ಹಿಂದೆ ಬಿದ್ದಿದ್ದವನೇ. ಇಂಗ್ಲೆಂಡಿನ ರಾಬರ್ಟ್ ಹುಕ್. 1675ರಲ್ಲಿ ಹಾಲೆಂಡಿನ ಹೈಗೆನ್ಸ್ ಸುರುಳಿ ಸ್ಪ್ರಿಂಗಿನ ವಾಚನ್ನು ಹೊರಗೆ ತಂದಾಗ, ಅದು ತನ್ನ ಯೋಚನೆ ಅಂತ ಹುಕ್ ಜಗಳ ತೆಗೆದ. ಮರು ವರ್ಷ, 1676ರಲ್ಲಿ, ತನ್ನ ಸ್ಪ್ರಿಂಗ್ ನಿಯಮವನ್ನು 14 ಅಕ್ಷರ ಕಲಸಿ ಒಗಟಿನಂತೆ ಅಚ್ಚು ಹಾಕಿಸಿದ. ಬೇರೆಯವರು ಕದಿಯಬಾರದು, ಆದರೆ ಮೊದಲು ಕಂಡವನು ತಾನೇ ಅಂತ ದಾಖಲೆಯೂ ಇರಬೇಕು. 1678ರಲ್ಲಿ ಒಗಟು ಬಿಡಿಸಿದ. ಲ್ಯಾಟಿನ್‌ನಲ್ಲಿ "ಉಟ್ ಟೆನ್ಸಿಯೋ, ಸಿಕ್ ವಿಸ್". ಹಿಗ್ಗು ಎಷ್ಟೋ ಬಲ ಅಷ್ಟು. ಪುಸ್ತಕದಲ್ಲಿ ನಾಲ್ಕು ಸಾಲಿನಲ್ಲಿ ಮುಗಿಸುವ ನಿಯಮಕ್ಕೆ ಇಷ್ಟು ಕಥೆ ಇದೆ ಅಂತ ಮಕ್ಕಳಿಗೆ ಗೊತ್ತಾದರೆ ಓದುವುದಕ್ಕೆ ಹುರುಪು ಬರುತ್ತದೆ.

ಗದಗಿನ ಪಿಯು ಹುಡುಗಿ

ಕೀ ಕೊಟ್ಟರೆ ಒಂದು ದಿನಕ್ಕೂ ಜಾಸ್ತಿ ಓಡುತ್ತದೆ ಅಂದರೆ ಸ್ಪ್ರಿಂಗಿನಲ್ಲಿ ತುಂಬಾ ಶಕ್ತಿ ಇರುತ್ತದಾ? ಮೊಬೈಲ್ ಬ್ಯಾಟರಿಗೆ ಬದಲು ಸ್ಪ್ರಿಂಗ್ ಇಡಬಹುದಾ?

ಇನ್ನೊಂದು ತಲೆ ತಿನ್ನುತ್ತಿದೆ. ಸ್ಪ್ರಿಂಗನ್ನು ಅದುಮಿ ಕಟ್ಟಿ ಆಸಿಡ್‌ನಲ್ಲಿ ಕರಗಿಸಿದರೆ ಒಳಗಿದ್ದ ಶಕ್ತಿ ಎಲ್ಲಿ ಹೋಗುತ್ತದೆ?

ಪೀಣ್ಯದ ಇಂಜಿನಿಯರ್

ಇಡಲಾಗುವುದಿಲ್ಲಮ್ಮ. ಹುಡುಗನ ಜೋಲಿ ಸ್ಪ್ರಿಂಗ್ ಒಂದು ಗೇಣು ಹಿಗ್ಗಿದರೆ ಹತ್ತು ಜೂಲ್ ಆಸುಪಾಸು. 5000 ಎಂಎಎಚ್ ಬ್ಯಾಟರಿಯಲ್ಲಿ ಸುಮಾರು 70 ಸಾವಿರ ಜೂಲ್. ವಾಚು ಅಷ್ಟು ಹೊತ್ತು ಓಡುವುದು ಅದಕ್ಕೆ ಬೇಕಾಗುವುದೇ ಅತಿ ಕಡಿಮೆ ಅಂತ. ಸ್ಪ್ರಿಂಗಿನ ಜಾಣತನ ಬೇರೆ ಕಡೆ ಇದೆ. ಕೂಡಿಟ್ಟದ್ದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಹೆಚ್ಚುಕಡಿಮೆ ಪೂರ್ತಿ ವಾಪಸ್ ಕೊಡುತ್ತದೆ. ಬಿಲ್ಲು ಬಾಣದಲ್ಲಿ ಆಗುವುದೂ ಅದೇ.

ಶಕ್ತಿ ಇರುವುದು ಲೋಹದ ಪರಮಾಣುಗಳ ನಡುವಿನ ಹಿಡಿತದಲ್ಲಿ. ತಿರುಚಿದಾಗ ಅವು ತಮ್ಮ ನೆಮ್ಮದಿಯ ಜಾಗದಿಂದ ಚೂರು ಸರಿದಿರುತ್ತವೆ. ಹಾಗಾಗಿ ಕರಗಿಸಿದರೆ ಆಸಿಡ್ ಚೂರೇ ಚೂರು ಜಾಸ್ತಿ ಬಿಸಿಯಾಗುತ್ತದೆ. ಕರಗುವುದರಿಂದಲೇ ಬರುವ ಶಾಖ ಅದಕ್ಕಿಂತ ಎಷ್ಟೋ ಪಟ್ಟು. ಸಾಮಾನ್ಯ ಥರ್ಮಾಮೀಟರಿನಲ್ಲಿ ವ್ಯತ್ಯಾಸ ಕಾಣಿಸದು. ಮನೆಯಲ್ಲಿ ಮಾತ್ರ ಮಾಡಿ ನೋಡಬೇಡ, ಆಸಿಡ್ ಅಪಾಯ.

ದಾವಣಗೆರೆ ಗ್ಯಾರೇಜ್

ವಾಪಸ್ ಕೊಡುವುದೇ ನಮಗೆ ತಲೆನೋವು ನೋಡಿ. ಶಾಕಿನಲ್ಲಿ ಆಯಿಲ್ ಲೀಕ್ ಆಗಿ ಬರೀ ಸ್ಪ್ರಿಂಗ್ ಉಳಿದರೆ ಗಾಡಿ ದೋಣಿ ತರಹ ತೂಗುತ್ತದೆ. ಗುಂಡಿಯಲ್ಲಿ ತಗೊಂಡದ್ದನ್ನೆಲ್ಲಾ ಸೀಟಿಗೆ ಕೊಡುತ್ತದೆ. ಆಯಿಲ್ ಸಣ್ಣ ತೂತಿನಲ್ಲಿ ಹಾದು ಆ ಶಕ್ತಿಯನ್ನು ಶಾಖ ಮಾಡಿಬಿಡುತ್ತದೆ. ದೂರ ಓಡಿಸಿ ಬಂದ ಮೇಲೆ ಶಾಕ್ ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಮೇಷ್ಟ್ರು ಹೇಳಿದ ಕೈ ಇದೆಯಲ್ಲ, ನಮ್ಮ ಗಾಡಿಯಲ್ಲಿ ಆ ಕೆಲಸ ಆಯಿಲ್ ಮಾಡುತ್ತದೆ.

ನಿವೃತ್ತ ಮೇಷ್ಟ್ರು, ಮೈಸೂರು

ದಾವಣಗೆರೆಯವರೇ, ನಾನು ಮೂವತ್ತು ವರ್ಷ ಪಾಠ ಮಾಡಿದೆ. ಕೈಯನ್ನೂ ಆಯಿಲನ್ನೂ ಹೀಗೆ ಜೋಡಿಸಿ ಹೇಳಿರಲಿಲ್ಲ. ಮುಂದೆ ಯಾರಿಗಾದರೂ ಹೇಳುವಾಗ ನಿಮ್ಮ ಮಾತನ್ನೇ ಹೇಳುತ್ತೇನೆ.

ಹಾಸನದ ಹುಡುಗ

ಅಳತೆ ಮುಗಿಯಿತು. 10 ಕೆಜಿಗೆ 20 ಸೆಂಟಿಮೀಟರ್. ಅಂದರೆ ಮೊದಲ 5 ಕೆಜಿಗೆ 8, ಎರಡನೇ 5 ಕೆಜಿಗೆ 12. ವ್ಯತ್ಯಾಸದಿಂದ ಕೆ ತೆಗೆದರೆ 49 ಭಾಗ 0.12, ಮೀಟರಿಗೆ 408 ನ್ಯೂಟನ್. ಇದನ್ನು ಹಾಕಿದರೆ 5 ಕೆಜಿಗೆ 20 ಕುಣಿತಕ್ಕೆ 13.9 ಸೆಕೆಂಡ್. ನನಗೆ ಬಂದದ್ದು 14! ಸ್ಪ್ರಿಂಗ್ ಬಾಯಿ ಬಿಡಲು ಬೇಕಾದ ಬಲವೂ ಸಿಕ್ಕಿತು, ಸುಮಾರು 16 ನ್ಯೂಟನ್. ಒಂದೂವರೆ ಕೆಜಿಗಿಂತ ಸ್ವಲ್ಪ ಜಾಸ್ತಿ. ಅದಕ್ಕೇ ಸಕ್ಕರೆ ಪ್ಯಾಕೆಟಿಗೆ ಅದು ಕದಲಲಿಲ್ಲ.

ಅಳೆಯದ ತೂಕಕ್ಕೆ ಮೊದಲೇ ಹೇಳಲು ಆಗುತ್ತಾ ಅಂತ ನೋಡಬೇಕು ಅನ್ನಿಸಿತು. ಏಳೂವರೆ ಕೆಜಿಗೆ 14 ಸೆಂಟಿಮೀಟರ್, 20 ಕುಣಿತಕ್ಕೆ 17 ಸೆಕೆಂಡ್ ಅಂತ ನೋಟ್‌ಬುಕ್ಕಿನಲ್ಲಿ ಬರೆದು, ಅಕ್ಕನ ಕೈಗೆ ಕೊಟ್ಟು, ಆಮೇಲೆ ಎರಡೂವರೆ ಕೆಜಿ ತೆಗೆದು ಕಟ್ಟಿದೆ. ಸ್ಕೇಲ್ ಹಿಡಿದವಳು ಅಕ್ಕ. 14 ಅಂದಳು. ಕುಣಿತ ಎಣಿಸಿದವಳೂ ಅವಳೇ. 17 ಸೆಕೆಂಡ್ ಚಿಲ್ಲರೆ.